ಕೆಮಿಸ್ಟ್ರಿ ಲ್ಯಾಬಿನ ಕಣ್ಣೀರು

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ. ಮುಂಡರಗಿಯಿಂದ ದಿನಾ ಗದಗಿಗೆ ಬರುವವರು. ಬಸ್ಸಿನಲ್ಲಿ ಸೀಟು ಸಿಗದ ದಿನ ಇಂಥವು ಹೆಚ್ಚು ಹೇಳುತ್ತಾರೆ. ಕಾಲೇಜು ಅಂದಮೇಲೆ ಯಾರಾದರೊಬ್ಬರು ಅಳುತ್ತಲೇ ಇರುತ್ತಾರೆ. ನಗು ಬರುವುದು ಆಮೇಲೆ.

೧. ಸೋರಿಕೆ

ಬೆಟಗೇರಿಯ ನೇಕಾರರ ಹುಡುಗಿಯೊಬ್ಬಳು ಪ್ರಾಕ್ಟಿಕಲ್ ಶುರುವಾದರೆ ಸಾಕು, ಅಳುತ್ತಿದ್ದಳಂತೆ. ಗ್ಯಾಸು ಕಣ್ಣಿಗೆ ಹೊಡೀತದ ಅಂತ ಮೇಡಂ ಕಿಟಕಿ ಹತ್ತಿರ ನಿಲ್ಲಿಸಿದರು. ಅಲ್ಲೂ ಅತ್ತಳು. ಕೊನೆಗೆ ರಿಪೇರಿಯವನನ್ನು ಕರೆಸಿದರು. ಆತ ಪೈಪಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿ, "ಪೈಪು ಬರೋಬ್ಬರಿ ಅದಾವ್ರಿ ಮೇಡಂ. ಹುಡುಗೀನ ಒಮ್ಮೆ ಚೆಕ್ ಮಾಡಸ್ರಿ" ಅಂದ.

೨. ಬಹುಮಾನ

ವಿದ್ಯಾರ್ಥಿಗಳ ಸಂತೃಪ್ತಿ ತಿಳಿಯಲು ಹೊರಗಿನಿಂದ ಸಾಹೇಬರೊಬ್ಬರು ಬಂದರು. "ನೀವು ಓದುತ್ತಿರುವ ವಿಷಯದಲ್ಲಿ ಯಾರಿಗೆ ಖುಷಿ ಇದೆ? ಕೈ ಎತ್ತಿ." ಎತ್ತಿದವಳು ಅದೇ ಬೆಟಗೇರಿಯ ಹುಡುಗಿಯೊಬ್ಬಳೇ. ಯಾಕೆ ಅಂದರೆ, "ಸೈನ್ಸ್ ನಮ್ಮಪ್ಪನ ಕಡೀ ಆಸೆ ರೀ. ಅಡ್ಮಿಶನ್ ಮಾಡಿಸಿ ತಿಂಗಳದಾಗ ತೀರಿಕೊಂಡ." ಸಭೆ ಚಪ್ಪಾಳೆ ತಟ್ಟಿತು, ಸಾಹೇಬರು ತಮ್ಮ ಪೆನ್ನನ್ನೇ ಕೊಟ್ಟರು. ಪರೀಕ್ಷೆಯಲ್ಲಿ ಆ ಪೆನ್ನಿನಿಂದ ಆಕೆ ತನ್ನ ರಿಜಿಸ್ಟರ್ ನಂಬರು ಬರೆದಳು. ಆಮೇಲೆ ಕ್ಯಾಪು ಹಾಕಿ, ಬೆಲ್ಲಾಗುವತನಕ ಸುಮ್ಮನೆ ಕುಳಿತಳು.

೩. ಮೆಟ್ಟಿಲು

ಹುಡುಗಿ ಊಟ ಬಿಟ್ಟಿದ್ದಾಳೆ ಅಂತ ಖಬರು ಬಂತು. ಮೇಡಂ ಜೊತೆ ನಾನೂ ಬೆಟಗೇರಿಗೆ ಹೋದೆ. ನಾನು ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ತಾಯಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು.

"ಸೈನ್ಸ್ ಬಿಡು, ಬೇಕಾದ್ದು ಓದು" ಅಂದೆ.

"ನನಗ ಇತಿಹಾಸ ಬೇಕಿತ್ರಿ. ಆದ್ರ ಅಪ್ಪನ ಆಸೆ ಹೆಂಗ ಮುರೀಲಿ?"

ಮಗ್ಗ ನಿಂತಿತು. "ಯಾವ ಆಸೆ ಲೇ?" ಅಂದಳು ತಾಯಿ. "ನೀ ಜ್ವರಾ ಬಂದು ಮಲಗಿದ್ದಿ, ಅಡ್ಮಿಶನ್ನಿಗೆ ಅವ ಒಬ್ಬನ ಹೋದ. ಜೀವಮಾನ ಮಗ್ಗ ತುಳದು ಮೊಣಕಾಲು ಹೋಗಿದ್ವು. ಆರ್ಟ್ಸ್ ಅಡ್ಮಿಶನ್ ಮ್ಯಾಲಿನ ಮಾಳಿಗ್ಯಾಗ, ಸೈನ್ಸಿಂದು ಕೆಳಗ. ಕುಂಡ್ರಾಕ ಕುರ್ಚಿನೂ ಕೊಟ್ರಂತ. ಅಲ್ಲೇ ನಿನ್ನ ಹೆಸರು ಹಚ್ಚಿ ಬಂದ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಮೆಟ್ಟಲಾ ಹತ್ತಾಕ ಆಗಲಿಲ್ಲ ಅಂತ ಸತ್ತಾವನ ಮಾನಾ ಯಾಕ ಕಳೀಲಿ?"

ಹುಡುಗಿ ನಕ್ಕಳು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎರಡು ರೊಟ್ಟಿ ತಿಂದಳು.

ಜೂನ್‌ನಲ್ಲಿ ಮೆಟ್ಟಿಲು ಹತ್ತಿ ನನ್ನ ಕ್ಲಾಸಿಗೆ ಬಂದಳು. ಒಂದಿನ ಕೇಳಿದೆ, "ಈಗ ಖುಷಿ ಐತೇನವಾ?"

"ಇಲ್ಲೂ ಬ್ಯಾಸರ ಆಗತೈತ್ರಿ ಮೇಡಂ. ಆದ್ರ ಅದಕ್ಕ ಈಗ ಅಪ್ಪನ ಹೆಸರು ಹೇಳಾಕ ಬರಂಗಿಲ್ಲ."

ನಿಮ್ಮ ಓಣಿಯಲ್ಲಿ ಮಗಳ ಅಡ್ಮಿಶನ್ನಿಗೆ ಹೊರಟವರು ಯಾರಾದರೂ ಇದ್ದರೆ ಇಷ್ಟು ಮುಟ್ಟಿಸಿ: ಸಾಯೋದರೊಳಗ ಮೊಣಕಾಲಿನ ಸುದ್ದಿ ಮಗಳಿಗೆ ಹೇಳಿಬಿಡ್ರಿ.