ನನ್ನ ಕಿವಿ, ಒಲೆಯ ಉಸಿರು

ಜಗತ್ತಿನ ಸಕಲ ಕಾಯಿಲೆಗಳೂ ಕಿವಿಯ ಮೂಲಕವೇ ಮೈಯೊಳಗೆ ಬರುತ್ತವೆ ಎಂದು ನಂಬಿದ ಮನೆಯಲ್ಲಿ ಬೆಳೆದವನು ನಾನು. ಮೈಸೂರಿನ ಡಿಸೆಂಬರಿಗೇ ನಮ್ಮ ಕಿವಿಗೆ ಹತ್ತಿ ಬೀಳುತ್ತಿತ್ತು. ಇಂಥವನು ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಸುಮ್ಮನೆ ಬಿಸಿಲಲ್ಲಿ ಇರಬೇಕಿತ್ತು. ಕೊರೋನಾ ಕಾಲದಲ್ಲಿ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಎಂದದ್ದೇ ತಡ, ಗ್ಲೆಂಡೇಲ್‌ನ ಅಪಾರ್ಟ್‌ಮೆಂಟ್ ಬಿಟ್ಟು ಸ್ಯಾನ್ ಡಿಯಾಗೋ ಕಡೆಯ ಬೆಟ್ಟದ ಮೇಲೊಂದು ಮನೆ ಕೊಂಡೆ. ಇಲ್ಲಿ ಆಗಾಗ ಹಿಮ ಬೀಳುತ್ತದೆ ಎಂಬುದನ್ನು ಬ್ರೋಕರ್ ಒಂದು ಸೌಕರ್ಯದ ಹಾಗೆ ಹೇಳಿದ್ದ. ನಾನೂ ಹಾಗೆಯೇ ಕೇಳಿಸಿಕೊಂಡೆ.

ಮನೆಯ ಜೊತೆಗೆ ಒಂದು ಪೆಲೆಟ್ ಸ್ಟವ್ ಬಂತು. ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ತಾನೇ ನುಂಗಿ, ತಾನೇ ಉರಿದು, ಮನೆಯನ್ನು ಬೆಚ್ಚಗಿಡುವ ಯಂತ್ರ ಅದು. ನಾನು ಅದನ್ನು ಹೊಗಳಿದ್ದು ಸ್ವಲ್ಪ ಜಾಸ್ತಿಯಾಯಿತು. ವಾಲ್‌ನಟ್ ಎಂಬ ಊರಿನಲ್ಲಿರುವ ಷಡ್ಡಕನ ಮುಂದೆ, ನಿಮ್ಮ ಹೀಟರಿನದು ಬರೀ ಬಿಸಿಗಾಳಿ, ನಮ್ಮದು ನಿಜವಾದ ಬೆಂಕಿ ಎಂದುಬಿಟ್ಟಿದ್ದೆ. ಅಷ್ಟರಲ್ಲಿ ಮೈಸೂರಿನಿಂದ ಅತ್ತೆಯವರು ಬಂದರು. ಚಳಿಗಾಲ ಪೂರ್ತಿ ನಮ್ಮಲ್ಲೇ ಎಂದಾಯಿತು. ನನಗೆ ಖುಷಿಯೋ ಖುಷಿ. ನಾನು ಹೇಳಿದ್ದನ್ನು ತಲೆದೂಗಿ ಕೇಳುವ ಜೀವ ಈ ಮನೆಯಲ್ಲಿ ಅವರೊಬ್ಬರೇ.

ಥಂಡಿ ಶುರುವಾಯಿತು. ಸ್ಟವ್ ಪಕ್ಕದ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೆ ಹಿಂದಿನಿಂದ ಎಲ್ಲೋ ತಣ್ಣನೆ ಗಾಳಿ ಕಿವಿಗೆ ಬಡಿಯುತ್ತಿದೆ ಎಂದು ನಾನು ದಿನವೂ ಗೊಣಗಿದೆ. ಅದಾದ ಕೆಲವೇ ದಿನಕ್ಕೆ ಸ್ಟವ್ ಕೈಕೊಟ್ಟಿತು. ಉರಿ ಸೋಮಾರಿಯಂತೆ ತೂಕಡಿಸಿತು, ಗಾಜಿಗೆ ಮಸಿ ಹಿಡಿಯಿತು, ಅರೆಬರೆ ಸುಟ್ಟ ಗುಳಿಗೆಗಳು ರಾಶಿ ಬಿದ್ದವು. ಚಳಿ ಕಾಯಿಸಬೇಕಾದ ಯಂತ್ರಕ್ಕೇ ಚಳಿಯಾದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಬೂದಿ ಬಳಿದೆ. ಗಾಜು ತಿಕ್ಕಿದೆ. ಗುಳಿಗೆ ತೇವ ಹಿಡಿದಿರಬೇಕೆಂದು ಹೊಸ ಮೂಟೆ ಹೊತ್ತು ತಂದೆ. ವಿಡಿಯೋ ನೋಡಿಕೊಂಡು ಹೊಗೆ ಕೊಳವೆ ಬಿಚ್ಚಿ, ಹಾಲ್ ತುಂಬ ಮಸಿ ಚೆಲ್ಲಿ, ಹೆಂಡತಿಯಿಂದ ಉಗಿಸಿಕೊಂಡೆ. ಇದರ ಮಧ್ಯೆ ನನ್ನ ಉಣ್ಣೆ ಮಫ್ಲರ್ ಬೇರೆ ಕಾಣೆಯಾಗಿ, ಅದಕ್ಕೂ ಮನೆಯವರ ಮೇಲೆಲ್ಲ ರೇಗಿದೆ.

ಅತ್ತೆಯವರ ಮೊಣಕಾಲು ಹಿಡಿದುಕೊಂಡಿತು. ಅಮ್ಮನನ್ನು ಅಕ್ಕನ ಮನೆಗೆ ಬಿಟ್ಟು ಬನ್ನಿ ಎಂದು ಹೆಂಡತಿ ತೀರ್ಪು ಕೊಟ್ಟಳು. ಫೋನಿನಲ್ಲಿ ಷಡ್ಡಕ ಬಹಳ ಮೆತ್ತಗೆ ಮಾತಾಡಿದ.

“ಕರ್ಕೊಂಡು ಬನ್ನಿ. ನಮ್ಮಲ್ಲಿ ಬರೀ ಬಿಸಿಗಾಳಿ, ಅಡ್ಜಸ್ಟ್ ಮಾಡ್ಕೋತಾರೆ.”

ಹೊಟ್ಟೆ ಉರಿಯಿತು. ನಮ್ಮ ಮನೆಯಲ್ಲಿ ಅವತ್ತು ಸರಿಯಾಗಿ ಉರಿದದ್ದು ಅದೊಂದೇ.

ಸೂಟ್‌ಕೇಸನ್ನು ಕಾರಿಗೆ ಒಯ್ಯುತ್ತ ಮನೆಯ ಪಕ್ಕದಿಂದ ಬಳಸಿಕೊಂಡು ಹೋದೆ. ಅತ್ತೆಯವರು ದಿನವೂ ಬಿಸಿಲು ಕಾಯಿಸಿಕೊಳ್ಳುವ ಜಾಗ ಅದು. ಅಲ್ಲಿ ಗೋಡೆಯಿಂದ ಹೊರಬಂದ ಒಂದು ಸಣ್ಣ ಕೊಳವೆಯ ಬಾಯಲ್ಲಿ ಪರಿಚಯದ ಕೆಂಪು ಕುಚ್ಚು ಕಾಣಿಸಿತು. ಎಳೆದೆ. ನನ್ನ ಮಫ್ಲರ್ ಉದ್ದಕ್ಕೂ ಬಂತು. ಸ್ಟವ್ ಹೊರಗಿನ ಗಾಳಿ ಎಳೆದುಕೊಂಡು ಉಸಿರಾಡುವುದೇ ಆ ಕೊಳವೆಯಿಂದ. ಒಳಗೆ ಓಡಿ ಹಚ್ಚಿದರೆ ಬೆಂಕಿ ಭುಗ್ಗೆಂದಿತು.

ಇದು ಯಾರ ಕೆಲಸ ಎಂದು ನನಗೆ ಗೊತ್ತಾಯಿತು. ಪಾಪ, ಹಿರಿಯರಿಗೆ ಮುಜುಗರ ಬೇಡವೆಂದು, ಅಳಿಲು ತುರುಕಿತ್ತು ಎಂದು ಹೆಂಡತಿಗೆ ಹೇಳಿದೆ. ಅತ್ತೆಯವರು ಕಾರಿಗೆಂದು ಹಾಕಿಕೊಳ್ಳುತ್ತಿದ್ದ ಸಾಕ್ಸನ್ನು ಅರ್ಧಕ್ಕೇ ನಿಲ್ಲಿಸಿದರು.

“ಅಳಿಲಲ್ಲ, ನಾನೇ ಇಟ್ಟಿದ್ದು. ಕಿವಿಗೆ ಗಾಳಿ ಹೊಡೆಯತ್ತೆ ಅಂತ ದಿನಾ ಒದ್ದಾಡ್ತಿದ್ರಲ್ಲ? ಮಫ್ಲರ್ ಕಟ್ಕೊಳ್ಳಿ ಅಂದ್ರೆ ನೀವು ಕೇಳಲ್ಲ. ಅದಕ್ಕೇ ಗಾಳಿಗೇ ಕಟ್ಟಿದೆ.”

ಹೆಂಡತಿ ನಕ್ಕು ನಕ್ಕು ನೆಲದ ಮೇಲೇ ಕೂತಳು. ಸೂಟ್‌ಕೇಸ್ ಒಳಗೆ ವಾಪಸು ಬಂತು. ಕೊಳವೆಯ ವಿಷಯವನ್ನು ಅತ್ತೆಯವರಿಗೆ ಆದಷ್ಟು ಮೆತ್ತಗೆ ತಿಳಿಸಿ ಹೇಳಿದೆ, ಅವರೂ ತಲೆದೂಗಿದರು.

ಈಗ ಬೆಂಕಿ ಧಗಧಗ ಉರಿಯುತ್ತಿದೆ. ಧೂಳು ಹಿಡಿದ ಮಫ್ಲರ್ ಸುತ್ತಿಕೊಂಡು ಅದರ ಪಕ್ಕ ಕೂತಿದ್ದೇನೆ. ಕಿವಿಗೆ ಮತ್ತೆ ಆ ತಣ್ಣನೆ ಗಾಳಿ ಬಡಿಯುತ್ತಿದೆ. ಏನಾದರೂ ತೊಂದರೆಯೇ ಎಂದು ಅತ್ತೆಯವರು ಆಗಾಗ ಕೇಳುತ್ತಾರೆ. ಏನೂ ಇಲ್ಲ, ಸ್ವರ್ಗ ಎನ್ನುತ್ತೇನೆ.