ಬಿರಾನನ ಗೋಲು, ಅನ್ಸುವಿನ ಕಾಲು

ಆ ಭಾನುವಾರ ಬಿರಾನ್ ಫಾಯ್‌ಗೆ ಸಿಕ್ಕಿದ ಕೆಲಸ ಇಷ್ಟೇ: ತಾನೇ ಹೊಡೆದ ಗೋಲನ್ನು ಮೈದಾನದ ಗೋಡೆಯ ಮೇಲೆ ಅನ್ಸು ಸಾಂಬುವಿನ ಕಾಲಿನಿಂದ ಹೊಡೆಸಬೇಕು. ಬಣ್ಣ ಸಮಿತಿಯದು, ಬ್ರಷ್ಷು ಬಿರಾನನದು, ಕೀರ್ತಿ ಅನ್ಸುವಿನದು.

ಗ್ಯಾಂಬಿಯಾ ದೊಡ್ಡ ದೇಶವೇನಲ್ಲ. ಒಂದು ನದಿ, ಅದಕ್ಕೆ ಎರಡು ದಡ, ಅಲ್ಲಿಗೆ ದೇಶ ಮುಗಿಯಿತು. ಹೀಗಾಗಿ ನಮ್ಮಲ್ಲಿ ಮಹಾನ್ ಆಟಗಾರರು ಹಿಡಿಯಷ್ಟು ಜನ ಮಾತ್ರ. ಒಬ್ಬನನ್ನು ಮಹಾನ್ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ, ಅಯ್ಯೋ ತಪ್ಪಾಯಿತು ಎಂದು ಕೆಳಗಿಳಿಸುವಷ್ಟು ದಾಸ್ತಾನು ನಮ್ಮಲ್ಲಿಲ್ಲ. ಸೆರೆಕುಂಡಾದ ನಮ್ಮ ಬಡಾವಣೆಯ ಪಾಲಿಗೆ ಬಂದಿದ್ದ ಮಹಾನ್ ಆಟಗಾರ ಅನ್ಸು. ಅವನು ಪರದೇಶದ ಬಿಸ್ಸಾವ್‌ನಲ್ಲಿ ಹೊಡೆದ ಗೋಲಿನ ಚಿತ್ರ ಗೋಡೆಯ ನಟ್ಟನಡುವೆ ಬರಬೇಕು, ಸಂಜೆಯ ನಮಾಜಿಗೆ ಮೊದಲೇ ಪರದೆ ಸರಿಸಬೇಕು ಎಂದು ಸಮಿತಿಯ ಅಧ್ಯಕ್ಷ ಫೊಡೇ ಕಸಾಮಾ ಅಪ್ಪಣೆ ಮಾಡಿದ್ದರು.

"ನಿನಗಿಂತ ಚೆನ್ನಾಗಿ ಯಾರು ಬರೀತಾರಪ್ಪ, ಬಿರಾನ್?" ಎಂದು ಅವರು ಬೆನ್ನು ತಟ್ಟಿದ್ದರು. "ನೀನು ಆವತ್ತು ಪಕ್ಕದಲ್ಲೇ ನಿಂತು ನೋಡಿದ್ದೀಯ!"

ಪಕ್ಕದಲ್ಲಿ ನಿಂತು ನೋಡಿದ್ದನಂತೆ. ಇಪ್ಪತ್ತು ವರ್ಷಗಳ ಹಿಂದೆ, ಧೋ ಎಂದು ಸುರಿಯುವ ಮಳೆಯಲ್ಲಿ, ಬಿಸ್ಸಾವ್‌ನ ಕೆಸರುಗದ್ದೆಯಂಥ ಮೈದಾನದಲ್ಲಿ, ಆಟ ಮುಗಿಯಲು ಇನ್ನೇನು ಸೀಟಿ ಊದಬೇಕು ಎನ್ನುವಾಗ ಚೆಂಡನ್ನು ಒದ್ದವನು ಬಿರಾನ್. ಆಗ ಅನ್ಸು ಕೆಸರಿನಲ್ಲಿ ಕಳೆದುಹೋದ ತನ್ನ ಎಡಗಾಲಿನ ಬೂಟನ್ನು ಹುಡುಕುತ್ತಿದ್ದ. ಟಿವಿ ಇರಲಿಲ್ಲ. ಇಡೀ ದೇಶ ರೇಡಿಯೋಗೆ ಕಿವಿ ಹಚ್ಚಿ ಕೂತಿತ್ತು. ವೀಕ್ಷಕ ವಿವರಣೆ ಕೊಡುತ್ತಿದ್ದವನು ಮಲಾಂಗ್ ಕೋಲಿ.

ಎಡವಟ್ಟಾದದ್ದು ಅಲ್ಲೇ. ಮಲಾಂಗ್ ಜೋಲಾ ಕುಲದವನು. ಬಿರಾನ್ ಸೆರೇರ್. ಈ ಎರಡು ಕುಲಗಳ ನಡುವೆ ಅಜ್ಜ ಮುತ್ತಜ್ಜಂದಿರ ಕಾಲದಿಂದ ಬಂದ ಗೇಲಿಯ ನೆಂಟಸ್ತನ. ಜೋಲಾ ಸಿಕ್ಕರೆ ಸೆರೇರ್ "ಏನೋ ನನ್ನ ಆಳೇ" ಎನ್ನಬೇಕು, ಸೆರೇರ್ ಸಿಕ್ಕರೆ ಜೋಲಾ "ಬಂತು ನೋಡು ನನ್ನ ಆಳು, ಅನ್ನದ ಕಳ್ಳ" ಎನ್ನಬೇಕು. ಸಿಟ್ಟು ಮಾಡಿಕೊಂಡವನು ಸೋತ ಹಾಗೆ. ಸಾವಿನ ಮನೆಯಲ್ಲೂ ಈ ಗೇಲಿಗೆ ರಜೆಯಿಲ್ಲ, ಇನ್ನು ರೇಡಿಯೋ ಯಾವ ಲೆಕ್ಕ? ಗೋಲು ಬಿದ್ದೊಡನೆ ಮಲಾಂಗ್ ಕೂಗಿದ: "ಗೋಲ್! ಸೆರೇರ್ ಆಳಿಗೆ ಇಷ್ಟು ಯೋಗ್ಯತೆ ಎಲ್ಲಿಂದ ಬರಬೇಕು? ಹೊಡೆದದ್ದು ನಮ್ಮ ಜೋಲಾ ಅನ್ಸು! ಅನ್ಸು ಸಾಂಬು!" ಒಂದು ಗುಟುಕು ನಗು ನಕ್ಕು, ಆಮೇಲೆ ನಿಜ ಹೇಳೋಣ ಎಂದುಕೊಂಡಿದ್ದ. ಅಷ್ಟರಲ್ಲಿ ಅವನ ಮಾತನ್ನು ರೇಡಿಯೋಗೆ ಮುಟ್ಟಿಸುತ್ತಿದ್ದ ಟೆಲಿಫೋನ್ ತಂತಿ ಕಡಿದುಹೋಯಿತು.

ತಂಡ ಊರು ಮುಟ್ಟುವ ಹೊತ್ತಿಗೆ ಅನ್ಸುವಿನ ಹೆಸರಿನಲ್ಲಿ ಕುರಿಗಳನ್ನು ಕೊಯ್ದು ಮುಗಿದಿತ್ತು. ಬಿರಾನ್ ಬಾಯಿ ತೆರೆದಾಗ ಕೋಚ್ ಅವನ ಹೆಗಲ ಮೇಲೆ ಕೈಯಿಟ್ಟು, "ದೇಶ ಖುಷಿಯಾಗಿದೆ ಮಗಾ, ನೀನೊಬ್ಬ ಯಾಕೆ ಕೆಡಿಸ್ತೀಯ?" ಎಂದಿದ್ದ. ಅನ್ಸು ಆ ಗೋಲಿನ ಬಲದಿಂದ ನಾರ್ವೆಯ ಯಾವುದೋ ಕ್ಲಬ್ಬಿಗೆ ಹೋಗಿ, ಎರಡು ಚಳಿಗಾಲ ಬೆಂಚಿನ ಮೇಲೆ ಕೂತು, ಮುರಿದ ಮಂಡಿಯನ್ನೂ ಒಂದು ದಪ್ಪ ಕೋಟನ್ನೂ ಹೊತ್ತು ವಾಪಸು ಬಂದ. ಬಿರಾನ್ ಅಂಗಡಿಗಳ ಬೋರ್ಡು ಬರೆಯತೊಡಗಿದ.

ಊರವರು ಏನು ಬೇಕಾದರೂ ತಿಳಿದುಕೊಳ್ಳಲಿ, ಅದನ್ನು ಬಿರಾನ್ ಹೇಗೋ ನುಂಗಿಕೊಂಡಿದ್ದ. ನುಂಗಲಾಗದ ತುತ್ತು ಮನೆಯಲ್ಲೇ ಇತ್ತು. ಅವನ ತಾಯಿ ತೆನಿಂಗ್ ಕೂಡ ರೇಡಿಯೋವನ್ನೇ ನಂಬಿದ್ದಳು. "ನಾನೇ ಅವ್ವಾ ಹೊಡೆದದ್ದು" ಎಂದು ಅವನು ಹೇಳಿದಾಗಲೆಲ್ಲ, "ಹೂಂ ಕಣಪ್ಪ, ನೀನೇ. ಊಟ ಮಾಡು" ಎಂದು ತಟ್ಟೆ ಮುಂದಿಡುತ್ತಿದ್ದಳು. ಈಗ ಅವಳಿಗೆ ಎಂಬತ್ತರ ಹತ್ತಿರ. ಇವತ್ತು ಮೊದಲ ಸಾಲಿನಲ್ಲಿ ಕೂತು ಅನ್ಸುವಿನ ಗೋಲಿಗೆ ಚಪ್ಪಾಳೆ ತಟ್ಟಲು ಬರುವವಳಿದ್ದಳು, ಅದಕ್ಕೆಂದೇ ಹೊಸ ತಲೆವಸ್ತ್ರಕ್ಕೆ ಗಂಜಿ ಹಾಕಿಸಿದ್ದಳು. ಅವಳು ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ "ನನ್ನ ಮಗ ಹೊಡೆದ" ಅನ್ನಬೇಕು. ಬಿರಾನನಿಗೆ ಬೇರೇನೂ ಬೇಕಿರಲಿಲ್ಲ.

ಆದ್ದರಿಂದ ಬೆಳಿಗ್ಗೆ ಅನ್ಸುವಿನ ಮುಖ ಬರೆಯುವಾಗ ಅವನ ಬ್ರಷ್ಷು ಸ್ವಲ್ಪ ದಾರಿ ತಪ್ಪಿತು. ಮೊದಲು ಮೂಗು ತಪ್ಪಿತು, ಆಮೇಲೆ ಗದ್ದ, ಕೊನೆಗೆ ಎಡಗಿವಿಯ ಪಕ್ಕದ ಮಚ್ಚೆಯೂ ಬಂದು ಕೂತಿತು.

ಗೋಡೆಯ ಬುಡದಲ್ಲಿ ಅಲಸಂದೆ ವಡೆ ಕರಿಯುತ್ತಿದ್ದ ನ್ಯಿಮಾ ಜರಡಿಸೌಟು ಹಿಡಿದೇ ಎದ್ದು ಬಂದಳು.

"ಅಯ್ಯೋ ಬಿರಾನಣ್ಣ, ಅನ್ಸುಗೆ ನಿನ್ನ ಮೂಗು ಯಾಕೆ ಅಂಟಿಸಿದ್ದೀಯ?"

"ಅದು ಅನ್ಸುವಿನದೇ ಮೂಗು."

"ಅನ್ಸುದು ಇಷ್ಟು ಅಗಲ ಇಲ್ಲಪ್ಪ. ದಿನಾ ಬೆಳಿಗ್ಗೆ ಇಲ್ಲೇ ನಿಂತು ವಡೆ ತಿಂತಾನೆ, ನನಗೆ ಗೊತ್ತಿಲ್ವಾ? ಇದು ಪಕ್ಕಾ ಸೆರೇರ್ ಮೂಗು!"

ನ್ಯಿಮಾಳ ಗಂಟಲು ಮಸೀದಿಯ ಮೈಕಿಗಿಂತ ಒಂದು ಕೈ ಮೇಲು. ಬೇವಿನ ಮರದ ಕೆಳಗೆ ಚಹಾ ಕುದಿಸುತ್ತ ಕೂತಿದ್ದ ಕೆಲಸವಿಲ್ಲದ ಪಡೆ ಗ್ಲಾಸು ಹಿಡಿದು ಬಂದು ನೆರೆಯಿತು. ಒಬ್ಬ ಮೂಗು ಅಳೆದ, ಇನ್ನೊಬ್ಬ ಮಚ್ಚೆ ಎಣಿಸಿದ. ಅಧ್ಯಕ್ಷರೂ ಓಡಿ ಬಂದರು.

"ಏನಯ್ಯಾ ಇದು? ಮುಖ್ಯ ಅತಿಥಿ ಬರೋ ಹೊತ್ತಾಯ್ತು, ನೀನು ನಿನ್ನ ಮುಖ ಬರ್ಕೊಂಡು ಕೂತಿದ್ದೀಯ!"

"ಗೋಲು ನಂದು ಅಧ್ಯಕ್ಷರೇ," ಎಂದುಬಿಟ್ಟ ಬಿರಾನ್. ಇಪ್ಪತ್ತು ವರ್ಷದ ಮಾತು ಬಣ್ಣದ ಡಬ್ಬಿ ಉರುಳಿದ ಹಾಗೆ ಹೊರಗೆ ಬಿತ್ತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ಮಾತ್ರ ನಗಲಿಲ್ಲ. ಅಧ್ಯಕ್ಷರಾದ ಮೇಲೆ ಅವರು ಆ ಅಭ್ಯಾಸ ಬಿಟ್ಟಿದ್ದರು. "ಸಾಕ್ಷಿ ತಗೊಂಡು ಬಾ," ಎಂದರು. "ಮೊದಲು ಮೂಗು ಸರಿ ಮಾಡು, ಆಮೇಲೆ ಸಾಕ್ಷಿ ತಗೊಂಡು ಬಾ."

ಬಿರಾನ್ ಮೂಗು ಸರಿ ಮಾಡಿದ. ಆಮೇಲೆ ನೆಟ್ಟಗೆ ಮಲಾಂಗ್ ಕೋಲಿಯ ಮನೆಗೆ ನಡೆದ.

ಮುದುಕ ಮಾವಿನ ಮರದಡಿ ಊದಿಕೊಂಡ ಪಾದವನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ. "ಬಾರೋ ನನ್ನ ಆಳೇ, ಅನ್ನ ಮುಗಿದುಹೋಗಿದೆ. ವಾಸನೆ ಬೇಕಾದ್ರೆ ಕುಡಿದು ಹೋಗು," ಎಂದು ಸ್ವಾಗತಿಸಿದ.

"ಆಳು ನೀನು, ನಿಮ್ಮಪ್ಪ, ನಿಮ್ಮ ತಾತ," ಎಂದು ಬಿರಾನ್ ವಾಡಿಕೆಯಂತೆ ಲೆಕ್ಕ ಚುಕ್ತಾ ಮಾಡಿ, ನೆಲದ ಮೇಲೆ ಕೂತ. "ಅಜ್ಜಾ, ಗೇಲಿ ಸಾಕು. ಇವತ್ತು ಬಂದು ನಿಜ ಹೇಳು. ನಮ್ಮಿಬ್ಬರ ನೆಂಟಸ್ತನದ ಮೇಲೆ ಕೇಳ್ತಾ ಇದ್ದೀನಿ."

ಮಲಾಂಗನ ನಗು ನಿಂತಿತು. ನೆಂಟಸ್ತನದ ಹೆಸರೆತ್ತಿ ಸೆರೇರ್ ಕೇಳಿದ್ದನ್ನು ಜೋಲಾ ಇಲ್ಲ ಎನ್ನುವ ಹಾಗಿಲ್ಲ. ಗೇಲಿಗೆ ಎಷ್ಟು ಸಲಿಗೆಯೋ, ಈ ಕೋರಿಕೆಗೆ ಅಷ್ಟೇ ಬಿಗಿ. "ಆವತ್ತಿಂದ ನನಗೂ ಮನಸ್ಸು ಚುಚ್ತಾನೇ ಇದೆ ಮಗಾ," ಎಂದ ಮುದುಕ. "ಬರ್ತೀನಿ. ಆದ್ರೆ ಈ ಕಾಲಲ್ಲಿ ಹೇಗೆ ನಡೀಲಿ? ಅಲ್ಲಿ ತಳ್ಳುಗಾಡಿ ಇದೆ ನೋಡು."

ಸಿಮೆಂಟು ಹೊರುವ ಒಂಟಿ ಚಕ್ರದ ಗಾಡಿಯಲ್ಲಿ ದಿಂಬು ಹಾಕಿ, ಮುದುಕನನ್ನು ಕೂರಿಸಿ, ಬಿರಾನ್ ಸಂತೆಯ ನಡುವೆ ತಳ್ಳಿಕೊಂಡು ಹೊರಟ. ಮಲಾಂಗ್ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಬೇಗ ತಲುಪುತ್ತಿದ್ದರು. ಆದರೆ ಅವನದು ರೇಡಿಯೋ ಬಾಯಿ. "ನೋಡ್ರಪ್ಪಾ ನೋಡಿ! ಕೊನೆಗೂ ನನ್ನ ಆಳಿಗೆ ಬುದ್ಧಿ ಬಂತು!" ಎಂದು ದಾರಿಯುದ್ದಕ್ಕೂ ಸಾರುತ್ತ ಬಂದ. ಒಣಮೀನಿನ ಅಂಗಡಿಯ ಹೆಂಗಸರು ಕೇಕೆ ಹಾಕಿದರು. ಟ್ಯಾಕ್ಸಿಯವರು ಹಾರ್ನ್ ಹೊಡೆದರು. ಮೈದಾನ ಮುಟ್ಟುವಾಗ ಹಿಂದೆ ಒಂದು ದಿಬ್ಬಣವೇ ಇತ್ತು, ಬಿರಾನನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಮೈದಾನದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕಿರ್ ಎನ್ನುವ ಮೈಕು. ಮೊದಲ ಸಾಲಿನಲ್ಲಿ ತೆನಿಂಗ್ ಹೊಸ ತಲೆವಸ್ತ್ರದಲ್ಲಿ ಠೀವಿಯಿಂದ ಕೂತಿದ್ದಳು. ವೇದಿಕೆಯ ಮೇಲೆ ಅನ್ಸು ಆ ಸೆಕೆಯಲ್ಲೂ ನಾರ್ವೆಯ ಕೋಟು ತೊಟ್ಟು ಬೇಯುತ್ತಿದ್ದ. ಅವನ ಪಕ್ಕದಲ್ಲಿ ಮುಖ್ಯ ಅತಿಥಿ ಅರ್ಮಾಂಡು, ಬಿಸ್ಸಾವ್‌ನ ಅಂದಿನ ಗೋಲ್‌ಕೀಪರ್. ಸೋತವನನ್ನೇ ಕರೆಸಿ ಕೂರಿಸಿದರೆ ಗೆಲುವಿಗೆ ಕಳೆ ಎಂದು ಅಧ್ಯಕ್ಷರು ಯೋಚಿಸಿದ್ದರು. ಅವನು ಮುಖ ಗಂಟು ಹಾಕಿಕೊಂಡು ಕೋಲಾ ಹೀರುತ್ತಿದ್ದ.

ಮಲಾಂಗನನ್ನು ಗಾಡಿ ಸಮೇತ ಮೈಕಿನ ಮುಂದೆ ನಿಲ್ಲಿಸಲಾಯಿತು. ಮುದುಕ ಕಣ್ಣೊರೆಸಿಕೊಂಡ.

"ಮಹಾಜನಗಳೇ, ಆವತ್ತು ನಾನು ರೇಡಿಯೋದಲ್ಲಿ ಸುಳ್ಳು ಹೇಳಿದೆ. ಗೋಲು ಹೊಡೆದದ್ದು ಅನ್ಸು ಅಲ್ಲ, ಈ ಸೆರೇರ್ ಬಿರಾನ್. ದೇವರಾಣೆಗೂ ನಿಜ."

ಶಾಮಿಯಾನ ಹಾರಿಹೋಗುವಂಥ ನಗು ಎದ್ದಿತು.

"ಆಹಾ ಮಲಾಂಗಜ್ಜ! ಆಳಿನ ಮಾನ ತೆಗೆಯೋದ್ರಲ್ಲಿ ನಿನ್ನ ಬಿಟ್ರಿಲ್ಲ!" ಎಂದು ಚಹಾ ಪಡೆಯವನೊಬ್ಬ ಕಣ್ಣಲ್ಲಿ ನೀರು ಬರಿಸಿಕೊಂಡ. "ಗಾಡಿ ತಳ್ಳಿದ ಕೂಲಿಗೆ ಗೋಲು ಕೊಡ್ತಾ ಇದ್ದಾನೆ!" ಎಂದು ನ್ಯಿಮಾ ಕೂಗಿದಳು. ಮುದುಕ ಆಣೆ ಹಾಕಿದಷ್ಟೂ ಜನ ಬಿದ್ದು ಬಿದ್ದು ನಕ್ಕರು. ಜೋಲಾ ಒಬ್ಬ ಸೆರೇರ್‌ನ ಬಗ್ಗೆ ಮೈಕಿನಲ್ಲಿ ನಿಜ ಹೇಳುತ್ತಾನೆ ಎಂದು ಯಾರಾದರೂ ನಂಬುವುದುಂಟೆ?

ಬಿರಾನ್ ಅನ್ಸುವಿನತ್ತ ತಿರುಗಿದ. "ಅನ್ಸು, ನೀನೇ ಹೇಳಿಬಿಡೋ. ಆವತ್ತು ನೀನು ಬೂಟು ಹುಡುಕ್ತಾ ಇರ್ಲಿಲ್ವಾ?"

ಅನ್ಸು ಒಳ್ಳೆಯವನೇ. ಹಣೆಯ ಬೆವರು ಒರೆಸಿಕೊಂಡು ಬಹಳ ಹೊತ್ತು ಯೋಚಿಸಿದ. "ಬೂಟು ಹುಡುಕಿದ್ದು ನೆನಪಿದೆ. ಚೆಂಡು ಒದ್ದದ್ದು ಅಷ್ಟಾಗಿ ನೆನಪಿಲ್ಲ. ಆದ್ರೆ ರೇಡಿಯೋದಲ್ಲಿ ಬಂತಲ್ಲಪ್ಪ. ಸರ್ಕಾರಿ ರೇಡಿಯೋ ಸುಳ್ಳು ಹೇಳುತ್ತಾ?"

"ಎಷ್ಟು ವಿನಯ ನೋಡಿ!" ಎಂದರು ಅಧ್ಯಕ್ಷರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ತೆನಿಂಗ್.

ಅದನ್ನು ನೋಡಿದ ಬಿರಾನ್ ವೇದಿಕೆ ಹತ್ತಿ ಮೈಕನ್ನು ಅರ್ಮಾಂಡುವಿನ ಬಾಯಿಗೆ ಹಿಡಿದ. ಈತ ಜೋಲಾ ಅಲ್ಲ, ಸೆರೇರ್ ಅಲ್ಲ. ಗೇಲಿಗೂ ಇವನಿಗೂ ಸಂಬಂಧವಿಲ್ಲ. "ನೀವು ಎದುರಿಗೇ ಇದ್ರಿ ಸ್ವಾಮಿ. ನನ್ನ ಮುಖ ಸರಿಯಾಗಿ ನೋಡಿ. ಒದ್ದದ್ದು ಯಾರು?"

ಅರ್ಮಾಂಡು ಕೋಲಾ ಕೆಳಗಿಟ್ಟ. ಬಿರಾನನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಕಣ್ಣು ಕೆಂಪಾಯಿತು.

"ಇವನೇ!" ಎಂದು ಮುರುಕು ಮಂಡಿಂಕಾ ಮಾತಿನಲ್ಲಿ ಗುಡುಗಿದ. "ಈ ಮಚ್ಚೆ ನಾನು ಸಾಯೋವರೆಗೂ ಮರೆಯಲ್ಲ. ಆ ಕೋಟಿನವನು ಎಲ್ಲಿದ್ದನೋ ನಾ ಕಾಣೆ. ಒದ್ದವನು ಇವನೇ!"

ನಗು ನಿಂತಿತು. ತೆನಿಂಗ್ ಕುರ್ಚಿಯಿಂದ ಅರ್ಧ ಎದ್ದಳು. ಬಿರಾನನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. "ಕೇಳಿದ್ಯಾ ಅವ್ವಾ?" ಎಂದು ಕೂಗಿದ.

"ಆದ್ರೆ ಅದು ಗೋಲಲ್ಲ!" ಎಂದ ಅರ್ಮಾಂಡು. "ಚೆಂಡು ಗೆರೆ ದಾಟ್ಲೇ ಇಲ್ಲ. ಗೆರೆ ಮೇಲೇ ಹಿಡಿದೆ ನಾನು, ಈ ಎರಡು ಕೈಯಲ್ಲಿ! ಕೆಸರು ಮೆತ್ತಿದ ಕಣ್ಣಲ್ಲಿ ಆ ರೆಫರಿ ಸೀಟಿ ಊದಿಬಿಟ್ಟ. ಅವತ್ತಿಂದ ಹೇಳ್ತಾನೇ ಇದ್ದೀನಿ, ಯಾರೂ ಕೇಳಲ್ಲ. ಇದನ್ನ ಹೇಳೋಕೇ ಇಷ್ಟು ದೂರ ಬಂದಿದ್ದು!"

ಮೈದಾನದಲ್ಲಿ ಗುಸುಗುಸು ಎದ್ದಿತು. ದೇಶದ ಗೋಲೇ ಕೈತಪ್ಪಿ ಹೋಗುವ ಹೊತ್ತು. ಆದರೆ ಫೊಡೇ ಕಸಾಮಾ ಸುಮ್ಮನೆ ಅಧ್ಯಕ್ಷರಾದವರಲ್ಲ. ಗಂಟಲು ಸರಿಮಾಡಿಕೊಂಡು ಮೈಕು ಕಸಿದುಕೊಂಡರು.

"ಶಾಂತಿ, ಶಾಂತಿ! ವಿಷಯ ಈಗ ಬಗೆಹರೀತು. ಬಿರಾನ್ ಒದ್ದ ಅಂತ ಅತಿಥಿಗಳೇ ಹೇಳಿದ್ರು, ಒಪ್ಕೊಳ್ಳೋಣ. ಬಿರಾನ್ ಒದ್ದ ಚೆಂಡು ಗೆರೆ ದಾಟ್ಲಿಲ್ಲ ಅಂತಾನೂ ಹೇಳಿದ್ರು. ಅದನ್ನೂ ಒಪ್ಕೊಳ್ಳೋಣ. ಆದ್ರೆ ರೆಫರಿ ಗೋಲು ಕೊಟ್ಟ, ನಾವು ಗೆದ್ವಿ. ಅದು ಸುಳ್ಳಾ? ಅಲ್ಲ. ಅಂದ್ಮೇಲೆ ಬಿರಾನ್ ತಪ್ಪಿಸಿದ ಚೆಂಡನ್ನ ಇನ್ಯಾರೋ ಒಳಗೆ ಹಾಕಿರ್ಬೇಕು. ಅದು ಯಾರು?"

"ಅನ್ಸು!" ಎಂದಿತು ಇಡೀ ಮೈದಾನ.

ಅನ್ಸು ಗಾಬರಿಯಿಂದ ಎದ್ದು ಕೈಮುಗಿದ. ತಾನು ಬೂಟು ಹುಡುಕುತ್ತಲೇ ಅಂಥದ್ದೊಂದು ಸಾಹಸ ಮಾಡಿದ್ದೆ ಎಂದು ಅವನಿಗೂ ಈಗ ಖಾತ್ರಿಯಾದಂತಿತ್ತು. ಡೋಲು ಮೊಳಗತೊಡಗಿತು. ಅಧ್ಯಕ್ಷರು ಬಿರಾನನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಚಿತ್ರದಲ್ಲಿ ಚೆಂಡು ಗೆರೆ ಹತ್ರ ಇದೆ. ಇನ್ನೊಂದು ಮೊಳ ಒಳಗೆ ಬರಿ. ಮುಂದೆ ತಕರಾರು ಬೇಡ."

ಬಿರಾನ್ ಬ್ರಷ್ಷು ಎತ್ತಿಕೊಂಡು ಗೋಡೆಯ ಕಡೆ ಹೊರಟಾಗ ತೆನಿಂಗ್ ಕೋಲೂರಿಕೊಂಡು ಎದುರಿಗೆ ಬಂದಳು. ಅವನ ಬಣ್ಣ ಮೆತ್ತಿದ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ಇಪ್ಪತ್ತು ವರ್ಷ ಕಾದದ್ದು ಈಗ ಬಂತು ಎಂದುಕೊಂಡ ಬಿರಾನ್.

"ನನ್ನ ಮಗನೇ ಒದ್ದದ್ದು," ಎಂದಳು ತೆನಿಂಗ್. "ಇಷ್ಟು ದಿನ ನಂಬ್ಲಿಲ್ಲ ಕಣಪ್ಪ, ನನ್ನದೇ ತಪ್ಪು. ನೀನು ಒದ್ದು ತಪ್ಪಿಸಿದ್ದನ್ನ ಆ ಹುಡುಗ ಒಳಗೆ ಹಾಕಿ ನಿನ್ನ ಮಾನ ಉಳಿಸಿದ್ದಾನೆ. ಒಂದು ದಿನವಾದ್ರೂ ಅವನಿಗೆ ಥ್ಯಾಂಕ್ಸ್ ಹೇಳಿದ್ದೀಯೇನೋ? ಹೋಗು, ಕೈ ತೊಳ್ಕೊಂಡು ಹೋಗಿ ಹೇಳಿ ಬಾ."

ಬಿರಾನ್ ಕೈ ತೊಳೆದುಕೊಂಡು ಹೋಗಿ ಹೇಳಿ ಬಂದ.