ಕಾಕಾನ ಬೇಸ್ ಮಾಡೆಲ್

ದೊಡ್ಡ ಪಿಕಪ್ ಗಾಡಿಗಳನ್ನು ನಮ್ಮ ಕಾಕಾನಷ್ಟು ಅನುಭವಿಸಿದವರು ಇಡೀ ಮಸ್ಕತ್ತಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ. ಕೊರತೆ ಒಂದೇ, ಅವುಗಳಲ್ಲಿ ಒಂದೂ ಅವನದಲ್ಲ. ಅವನು ಓಡಿಸುತ್ತಿದ್ದುದು ಹಳೆಯ ಸಣ್ಣ ಕಾರು. ಅದರ ಹಿಂದಿನ ಗಾಜು ಒಮ್ಮೆ ಇಳಿಯಿತೆಂದರೆ ಇಬ್ಬರು ಸೇರಿ ಎಳೆದು ಮೇಲೇರಿಸಬೇಕು. ಆದರೆ ಅವನ ಮಂಚದ ಕೆಳಗೆ ಕೈಹಾಕಿ ನೋಡಿ! ಅಮೆರಿಕದ ಭಾರಿ ಪಿಕಪ್ಪುಗಳ ಬ್ರೋಶರುಗಳು ರದ್ದಿಯಂಗಡಿಯಂತೆ ಪೇರಿಸಿರುತ್ತಿದ್ದವು. ಅವನ ಹೆಂಡತಿ, ನಮ್ಮ ಕಾಕು, ಆ ಕೋಣೆಯ ಕಸ ಗುಡಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಧಾರವಾಡದವನು. ಮಸ್ಕತ್ತಿನ ಅಂಚಿನ ರುಸೈಲಿನಲ್ಲಿ ನೀರಿನ ಟ್ಯಾಂಕು ಮಾಡುವ ಒಂದು ಕಾರ್ಖಾನೆಯಲ್ಲಿ ಅವನ ಕೆಲಸ. ಟ್ಯಾಂಕಿನ ಹಲಗೆಗಳನ್ನು ಬಿಡಿಬಿಡಿಯಾಗಿ ತೋಟಗಳಿಗೆ ಒಯ್ದು, ಅಲ್ಲೇ ಬೋಲ್ಟು ಬಿಗಿದು ನಿಲ್ಲಿಸುವ ತಂಡಕ್ಕೆ ಅವನು ಸೂಪರ್‌ವೈಸರ್. ಮಸ್ಕತ್ತಿನದೇ ಖುರುಮ್ ಬಡಾವಣೆಯ ಆಫೀಸೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ಅವರ ಮನೆಯಲ್ಲೇ ಉಳಿದುಕೊಂಡೆ. ನನಗೆ ದಿನವೂ ತಾರೀಖು ಹಾಕಿ ಬರೆದಿಡುವ ಚಟ. ಕಾಕಾನಿಗಾಗಿ ಡೈರಿಯಲ್ಲಿ ಒಂದು ಪುಟವನ್ನೇ ಬೇರೆ ಇಡಬೇಕಾಯಿತು. ಶೋರೂಮಿಗೆ ಹೋದದ್ದಕ್ಕೆ ಗೀಟುಗಳು, ಕೊಂಡದ್ದಕ್ಕೆ ಸೊನ್ನೆ. ಗೀಟುಗಳು ಪುಟ ದಾಟಿದವು. ಸೊನ್ನೆ ಇದ್ದಲ್ಲೇ ಇತ್ತು.

ಗಾಡಿ ಒಂದೇ, ಮೈಕಟ್ಟು ಒಂದೇ, ಒಳಗಿನ ಸವಲತ್ತಿನಲ್ಲಿ ಮಾತ್ರ ದರ್ಜೆಗಳು. ಬೇಸ್ ಮಾಡೆಲ್ಲಿನಲ್ಲಿ ನೆಲಕ್ಕೆ ರಬ್ಬರು, ನಡುವಿನದಕ್ಕೆ ಕಾರ್ಪೆಟ್ಟು, ಟಾಪ್‌ನಲ್ಲಿ ಚರ್ಮದ ತಂಪು ಸೀಟು, ಬಾಗಿಲು ತೆರೆದರೆ ತಾನೇ ಕೆಳಗಿಳಿಯುವ ಮೆಟ್ಟಿಲು. ಈ ವ್ಯತ್ಯಾಸಗಳನ್ನು ಸ್ವತಃ ಕೂತು ಪರೀಕ್ಷಿಸಲು ಕಾಕಾ ಪ್ರತಿ ಶನಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದ. ಸಾಕ್ಷಿಗೆ ನಾನು.

ಶೋರೂಮಿನ ಸೇಲ್ಸ್‌ಮನ್ ಉಡುಪಿ ಕಡೆಯವನು.

"ಬಂದ್ರಾ ಮಾರಾಯ್ರೆ? ಇವತ್ತು ಯಾವುದರಲ್ಲಿ ಕೂತ್ಕೊಳ್ಳುದು?"

"ಟಾಪ್‌ನ್ಯಾಗ. ಹ್ವಾದ ವಾರ ನಡುವಿಂದರಾಗ ಕೂತಿದ್ದೆ, ಬೆನ್ನು ಹಿಡೀತು."

"ನಿಮ್ಮ ಬೆನ್ನು ಟಾಪ್ ಮಾಡೆಲ್ ಕಾಣ್ತದೆ. ನಿಮ್ಮ ಕಾರು ಮಾತ್ರ ಯಾಕೆ ಹಾಗೆ?"

ಕಾಕಾ ಅದನ್ನು ಕೇಳಿಸಿಕೊಳ್ಳದೆ ಚೀಲದಿಂದ ಅಳತೆಯ ಟೇಪು ತೆಗೆಯುತ್ತಿದ್ದ. ಚೀಲದಲ್ಲಿ ಇನ್ನೂ ಎರಡು ಸಾಮಾನು ಇರುತ್ತಿದ್ದವು. ಒಂದು ಬುತ್ತಿಯ ಸ್ಟೀಲ್ ಡಬ್ಬಿ, ಇನ್ನೊಂದು ಜೋಳದ ಹಿಟ್ಟಿನ ಪಾಕೀಟು. ಸೀಟಿನ ಕೆಳಗಿನ ಜಾಗದಲ್ಲಿ ಹಿಟ್ಟು ಮಲಗಬೇಕು, ಕಪ್ ಇಡುವ ಕುಳಿಯಲ್ಲಿ ಡಬ್ಬಿ ಕೂರಬೇಕು. "ಅಮೆರಿಕಾದವರು ಎಲ್ಲಾ ವಿಚಾರ ಮಾಡ್ಯಾರ, ಬುತ್ತಿ ಒಂದು ಬಿಟ್ಟು" ಎಂದು ಅವನು ಕೊರಗುತ್ತಿದ್ದ. ಸೇಲ್ಸ್‌ಮನ್ ಇದನ್ನೆಲ್ಲ ಸಹಿಸಿಕೊಂಡದ್ದು ಸುಮ್ಮನೆ ಅಲ್ಲ. ಪಕ್ಕದಲ್ಲಿ ಯಾರಾದರೂ ನಿಜವಾದ ಗಿರಾಕಿ ನಿಂತರೆ ಕಾಕಾ ಗಾಡಿಯಿಂದಿಳಿದು ಅವರಿಗೆ ಮೂರೂ ಮಾಡೆಲ್ಲುಗಳ ಪಾಠ ಮಾಡುತ್ತಿದ್ದ. ಅವನ ಪಾಠ ಕೇಳಿ ಗಾಡಿ ಕೊಂಡವರನ್ನು ನಾನೇ ಕಂಡಿದ್ದೇನೆ. ಅವರು ಕೀಲಿ ತೆಗೆದುಕೊಂಡು ಹೋಗುತ್ತಿದ್ದರು, ಕಾಕಾ ಹೊಸ ಬ್ರೋಶರು.

ಈ ದರ್ಜೆಯ ಹುಚ್ಚು ಮನೆಯಲ್ಲೂ ಬಿಡಲಿಲ್ಲ. ತಟ್ಟೆಗೆ ಉಪ್ಪಿಟ್ಟು ಬಿದ್ದರೆ, "ಇದು ಬೇಸ್. ಗೋಡಂಬಿ ಹಾಕಿದ್ರ ನಡುವಿಂದು ಆಗತಿತ್ತು."

"ಟಾಪ್ ಬೇಕಂದ್ರ ಶೋರೂಮಿನ್ಯಾಗ ಉಣ್ರಿ" ಎನ್ನುತ್ತಿದ್ದಳು ಕಾಕು.

ಊರಿನಿಂದ ಅಪ್ಪ ನನಗೆಂದು ಒಬ್ಬ ವರನ ಫೋಟೋ ಕಳಿಸಿದಾಗ ಕಾಕಾ ಕನ್ನಡಕ ಏರಿಸಿ ನೋಡಿದ.

"ನಡುವಿನ ಮಾಡೆಲ್. ಮೀಸಿ ಮಾತ್ರ ಎಕ್ಸ್‌ಟ್ರಾ ಫಿಟಿಂಗ್ ಕಾಣಸ್ತದ."

ಆಮೇಲೆ ಆ ಹುಡುಗನನ್ನು ಗಂಭೀರವಾಗಿ ನೋಡುವುದು ನನ್ನಿಂದಾಗಲಿಲ್ಲ.

ಹೀಗಿರುವಾಗ ಕಚ್ಚಾ ತೈಲದ ಬೆಲೆ ಕುಸಿಯಿತು. ನಮ್ಮ ಕನ್ನಡದವರ ಮನೆಗಳಲ್ಲಿ ಹುಟ್ಟುಹಬ್ಬದ ಊಟಗಳಿಗಿಂತ ಕೆಲಸ ಹೋಗಿ ಊರಿಗೆ ಹೊರಟವರ ಬೀಳ್ಕೊಡುಗೆಯ ಊಟಗಳು ಹೆಚ್ಚಾದವು. ಶೋರೂಮಿನಲ್ಲಿ ಗಾಡಿಗಳಿದ್ದವು, ಗಿರಾಕಿಗಳಿರಲಿಲ್ಲ. ಟ್ಯಾಂಕಿನ ಕೆಲಸವೂ ಇಳಿಯಿತು. ಒಂದು ಭಾನುವಾರ ಕಾರ್ಖಾನೆಯ ಒಡೆಯರು ಕಾಕಾನನ್ನು ಕರೆದರು. ಅವರು ರುಸ್ತಾಕ್ ಊರಿನ ಒಮಾನಿ, ಎಲ್ಲರೂ ಅವರನ್ನು ಅರ್ಬಾಬ್, ಅಂದರೆ ಧಣಿ, ಎನ್ನುತ್ತಾರೆ. ಕೆಟ್ಟವರಲ್ಲ, ಅವರ ಕೈಯೂ ಕಟ್ಟಿಹೋಗಿತ್ತು. ತಂಡದ ಎರಡು ಹಳೆಯ ಪಿಕಪ್ಪುಗಳನ್ನು ಮಾರಿ ಒಂದೇ ದೊಡ್ಡದನ್ನು ಕೊಳ್ಳುವುದೆಂದು ಅವರು ನಿರ್ಧರಿಸಿದ್ದರು. ಗಾಡಿಯಲ್ಲಿ ಐದು ಸೀಟು, ಹಾಗಾಗಿ ತಂಡದಲ್ಲೂ ಐದೇ ಜನ. ಕಾಕಾನೂ ಸೇರಿ ತಂಡದಲ್ಲಿದ್ದವರು ಆರು. ಊರಿಗೆ ಹೋಗಬೇಕಾದ ಒಬ್ಬನ ಹೆಸರನ್ನು ಗುರುವಾರ ಕಾಕಾನೇ ಕೊಡಬೇಕು.

ಕೊಳ್ಳುವ ಗಾಡಿ ಯಾವುದು? ಟಾಪ್ ಮಾಡೆಲ್, ಕೆಂಪು ಬಣ್ಣದ್ದು. ಗಿರಾಕಿಗಳಿಲ್ಲದೆ ಬೆಲೆ ಇಳಿದಿತ್ತು. ಅರ್ಬಾಬರಿಗೆ ಅದರ ಮೋಹ ಹತ್ತಿಸಿದ್ದು ಯಾರು? ವರ್ಷಗಟ್ಟಲೆ ಚಹಾದ ಹೊತ್ತಿನಲ್ಲಿ ತಂಪು ಸೀಟಿನ ವರ್ಣನೆ ಮಾಡಿದ ನಮ್ಮ ಕಾಕಾನೇ.

ಆ ಸಂಜೆ ಕಾಕಾ ಉಪ್ಪಿಟ್ಟಿಗೆ ಯಾವ ದರ್ಜೆಯನ್ನೂ ಕೊಡಲಿಲ್ಲ. ಕಾಕು ಕೇಳಿಯೇಬಿಟ್ಟಳು. "ಯಾರ ಹೆಸರು ಬರದ ಕೊಡಾವ್ರು?"

"ಎಲ್ಲಾರಕಿಂತ ಪಗಾರ ಜಾಸ್ತಿ ಇದ್ದಾಂವಂದು ಬರದ್ರ ಅರ್ಬಾಬಗ ಅನುಕೂಲ."

ತಂಡದಲ್ಲಿ ಎಲ್ಲರಿಗಿಂತ ಪಗಾರ ಹೆಚ್ಚಿದ್ದವನು ಸೂಪರ್‌ವೈಸರೇ. ಕಾಕು ನನ್ನ ತಟ್ಟೆಗೆ ಎರಡನೆಯ ಸಲ ಉಪ್ಪಿನಕಾಯಿ ಬಡಿಸಿದಳು, ಮೊದಲನೆಯದು ಹಾಗೇ ಇತ್ತು.

ಊಟವಾದ ಮೇಲೆ ಅವನು ಬ್ರೋಶರುಗಳನ್ನು ನೆಲದ ಮೇಲೆ ಹರಡಿದ. ಯಾವಾಗಲೂ ಟಾಪ್‌ನಿಂದ ಶುರುಮಾಡುವವನು ಅಂದು ಬೇಸ್‌ನಿಂದ ಓದತೊಡಗಿದ. ಸ್ವಲ್ಪ ಹೊತ್ತಿಗೆ ಪುಟದ ಅಡಿಯ ಸಣ್ಣ ಅಕ್ಷರದ ಮೇಲೆ ಅವನ ಬೆರಳು ನಿಂತಿತು.

"ಇಲ್ಲಿ ಬಾರವಾ. ನಾ ಬಾಗೂ ಸೀಟು ನೋಡಿದೆ, ತಂಪು ಸೀಟು ನೋಡಿದೆ. ಎಷ್ಟು ಮಂದಿ ಕೂಡ್ತಾರ ಅನ್ನೂದು ನೋಡಲೇ ಇಲ್ಲಲ್ಲ!"

ಟಾಪ್‌ನಲ್ಲಿ ಮುಂದಿನ ಎರಡು ಸೀಟುಗಳ ನಡುವೆ ದೊಡ್ಡ ಪೆಟ್ಟಿಗೆ ಇರುತ್ತದೆ. ಬೇಸ್‌ನಲ್ಲಿ ಅದರ ಬದಲು ಬರೀ ಒಂದು ಕೈಯೊರಗು. ಅದನ್ನು ಮೇಲೆತ್ತಿ ಹಿಂದಕ್ಕೆ ಮಡಿಸಿದರೆ ಮುಂದೆಯೇ ಮೂರನೆಯ ಸೀಟು.

ಬುಧವಾರ ಸಂಜೆ ಕಾಕಾ ತಂಡದ ಉಳಿದ ಐವರನ್ನೂ, ಅರ್ಬಾಬರನ್ನೂ ಶೋರೂಮಿಗೆ ಕರೆದ. ಆಫೀಸಿನಿಂದ ನೇರವಾಗಿ ನಾನೂ ಹೋದೆ. ಬೇಸ್ ಮಾಡೆಲ್ ಶೋರೂಮಿನ ಒಳಗಿರಲಿಲ್ಲ, ಹಿಂದಿನ ಅಂಗಳದಲ್ಲಿ ಬಿಳಿ ಬಣ್ಣ ಕಾಣದಷ್ಟು ಧೂಳು ಹೊದ್ದು ನಿಂತಿತ್ತು.

"ಇದನ್ನು ಯಾರೂ ಕೇಳುದಿಲ್ಲ ಮಾರಾಯ್ರೆ" ಎಂದು ಸೇಲ್ಸ್‌ಮನ್ ಪಿಸುಗುಟ್ಟಿದ. "ಅರ್ಬಾಬ್ ಆ ಕೆಂಪುದಕ್ಕೆ ಮನಸ್ಸು ಮಾಡಿದ್ದಾರೆ. ನೀವು ಸುಮ್ಮನಿದ್ರೆ ಸಾಕು."

ಸುಮ್ಮನಿದ್ದರೆ ಒಬ್ಬ ಊರಿಗೆ ಹೋಗಬೇಕು. ಕಾಕಾ ಕರವಸ್ತ್ರದಿಂದ ಬಾಗಿಲಿನ ಹಿಡಿ ಒರೆಸಿದ. ಅರ್ಬಾಬರು ರಬ್ಬರಿನ ನೆಲ ನೋಡಿ ಮೂಗು ಮುರಿದರು. ಮಾತು ನಡೆದದ್ದು ಹಿಂದಿಯಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗೆ.

"ಇದರಲ್ಲಿ ಕೂತರೆ ಒಂಟೆಯ ಮೇಲೆ ಕೂತ ಹಾಗೆ ಅಂತ ನೀನೇ ಅಲ್ಲವೇ ಹೇಳುತ್ತಿದ್ದದ್ದು?"

"ಹೇಳಿದ್ದೆ, ಅರ್ಬಾಬ್. ಆದರೆ ಒಂಟೆಯ ಮೇಲೆ ಆರು ಜನ ಕೂರುವುದಿಲ್ಲ."

ಕಾಕಾ ಕೈಯೊರಗನ್ನು ಎತ್ತಿ ಹಿಂದಕ್ಕೆ ಮಡಿಸಿದ. ಬೂಟಿನ ಮಣ್ಣು ಝಾಡಿಸಿ ಮೂವರು ಹಿಂದೆ ಕೂತರು, ಇಬ್ಬರು ಮುಂದೆ, ಕಾಕಾ ಅವರ ನಡುವೆ ತೂರಿಕೊಂಡ. ನಾಲ್ಕೂ ಬಾಗಿಲು ಮುಚ್ಚಿದವು.

"ಹಲಗೆಗಳ ಭಾರ?" ಎಂದು ಅರ್ಬಾಬರು ಕೇಳಿದರು.

"ಟಾಪ್‌ಗಿಂತ ಇದೇ ಹೆಚ್ಚು ಹೊರುತ್ತದೆ. ಮೈಮೇಲೆ ಸವಲತ್ತುಗಳ ತೂಕ ಇಲ್ಲವಲ್ಲ" ಎಂದ ಕಾಕಾ, ಒಳಗಿನಿಂದಲೇ.

ಅರ್ಬಾಬರು ಗಾಡಿಯನ್ನು ಒಂದು ಸುತ್ತು ಹಾಕಿದರು. ಒಳಗಿನ ಆರು ಮುಖಗಳೂ ಅವರ ಜೊತೆಗೇ ತಿರುಗುತ್ತಿದ್ದವು. ಅವರು ಒಮ್ಮೆ ಕೆಂಪು ಗಾಡಿಯತ್ತ ನೋಡಿದರು, ಒಮ್ಮೆ ಕಾಕಾನತ್ತ. ಆಮೇಲೆ ಗಾಜು ತಟ್ಟಿ ಅಂದರು, "ಖಲಾಸ್. ಇದೇ ಇರಲಿ. ಹೆಸರು ಬೇಡ. ಮುಂದಿನ ವರ್ಷದ ಮಾತು ನನ್ನನ್ನು ಕೇಳಬೇಡ."

ಉಪ್ಪಿಟ್ಟಿಗೆ ಗೋಡಂಬಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ಅರ್ಧ ಗಂಟೆ ತೆಗೆದುಕೊಳ್ಳುವ ನಮ್ಮ ಕಾಕಾ ಅಂದು ಎರಡು ಮಾತಿನಲ್ಲಿ ಒಬ್ಬನ ಕೆಲಸ ಉಳಿಸಿದ್ದ. ಮನೆಗೆ ಬಂದು ನಾನು ಡೈರಿ ತೆರೆದೆ. ಸೊನ್ನೆ ಅಳಿಸಿ ಒಂದು ಎಂದು ಬರೆದೆ. ಗಾಡಿ ಕಾಕಾನದಲ್ಲ, ಗೊತ್ತು. ಆದರೂ ಬರೆದೆ.

ಮುಂದಿನ ವಾರ ರುಸ್ತಾಕಿನ ತೋಟವೊಂದಕ್ಕೆ ಮೊದಲ ಸವಾರಿ. ಬೆಳಿಗ್ಗೆ ಹಲಗೆ ತುಂಬಿದ ಬಿಳಿ ಗಾಡಿ ಮನೆಯ ಮುಂದೆ ಬಂತು. ತಂಡದವರು ಸೂಪರ್‌ವೈಸರ್ ಸಾಹೇಬರಿಗೆಂದು ಮುಂದಿನ ಕಿಟಕಿಯ ಸೀಟು ಖಾಲಿ ಬಿಟ್ಟಿದ್ದರು. ಕಾಕಾ ನಡುವಿನವನನ್ನು ಕಿಟಕಿಗೆ ಸರಿಸಿ ತಾನು ಇಕ್ಕಟ್ಟಿಗೆ ಹತ್ತಿದ.

ಬುತ್ತಿ ಕೊಡಲು ಬಂದ ಕಾಕು ತಡೆಯಲಾರದೆ ಹೇಳಿದಳು. "ಸಾಹೇಬರು ಅಂತಾರ, ನಡುವ ಹೋಗಿ ಕೂತ್ರ್ಯಲ್ರೀ?"

"ಅವರೆಲ್ಲಾ ದಿನಾ ಬೋಲ್ಟ್ ಬಿಗಿಯಾವ್ರು, ಭುಜ ಅಗಲ ಅದಾವ. ನಂದೇನದ? ಬರೇ ಬಾಯಿ."

ಗಾಡಿ ಓಣಿಯ ಕೊನೆಗೆ ಹೋಗಿ, ತಿರುಗಿ, ನಮ್ಮ ಮುಂದೆಯೇ ಹಾದು ಬಂತು. ಮುಂದಿನ ಗಾಜಿನಲ್ಲಿ ಎರಡು ದೊಡ್ಡ ತಲೆಗಳ ನಡುವೆ ಒಂದು ಸಣ್ಣ ಬೋಳುತಲೆ, ಮೊಣಕಾಲುಗಳ ಮೇಲೆ ಬುತ್ತಿಯ ಚೀಲ. ಎದುರು ಮನೆಯ ಕೇರಳದ ಆಂಟಿ ಬಟ್ಟೆ ಒಣಹಾಕುತ್ತ ನಿಂತಿದ್ದರು. ಅವರು ಏನೂ ಕೇಳಿರಲಿಲ್ಲ. ನಾನೇ ಕೈತೋರಿಸಿ ಹೇಳಿದೆ, "ಆ ನಡುವೆ ಕೂತವರು ನಮ್ಮ ಕಾಕಾ."